ಎರಡನೆಯ ಗಿಡುಗ

ಭಾನುವಾರ, ಫೆಬ್ರವರಿ ೯

ನನ್ನ ಜೀರಿಗೆಗೆ ದೊಡ್ಡಮ್ಮನ ತುಂಬು ಆಶೀರ್ವಾದ.

ಮೊದಲು ಮನೆಯವರ ಕ್ಷೇಮ ಹೇಳು. ನಿನ್ನ ಅಮ್ಮನ ಮೊಣಕಾಲು ಈಗ ಮೆಟ್ಟಿಲು ಹತ್ತಲು ಬಿಡುತ್ತಿದೆಯೇ, ಇಲ್ಲಾ ನನ್ನ ತಂಗಿ ಇನ್ನೂ ಕೆಳಗಿನಿಂದಲೇ ಕೂಗಿ ಎಲ್ಲರಿಗೂ ಕೆಲಸ ಹೇಳುತ್ತಿದ್ದಾಳೆಯೇ? ನಿನ್ನ ಅಪ್ಪನ ಕೆಮ್ಮು ಹೇಗಿದೆ? ಡುಮ್ಮಣ್ಣ ಹೊಸ ಕೆಲಸಕ್ಕೆ ಹೊಂದಿಕೊಂಡನೇ? ಮಹಡಿಯ ರೇಡಿಯೋ ಅಜ್ಜಿ ಚೆನ್ನಾಗಿದ್ದಾರೆ ತಾನೇ? ಬೀದಿಯ ಸುದ್ದಿಯನ್ನೆಲ್ಲ ಬಿತ್ತರಿಸುವವರು ಒಂದು ದಿನ ಸುಮ್ಮನಾದರೂ ನಿಮಗೆಲ್ಲ ಕಿವಿ ಕೆಟ್ಟ ಹಾಗಾಗುತ್ತದೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ ಇಲ್ಲವೋ ಎಂದು ಮಾತ್ರ ಕೇಳುವುದಿಲ್ಲ. ಉತ್ತರ ನನಗೆ ಗೊತ್ತು.

ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಅಂಗಡಿಯಲ್ಲಿ ಗಾಜು ಕತ್ತರಿಸುವಾಗ ಹೆಬ್ಬೆರಳಿಗೆ ತಗುಲಿತು. ಇಷ್ಟು ವರ್ಷ ಊರವರ ಫೋಟೋಗಳಿಗೆಲ್ಲ ಕಟ್ಟು ಹಾಕಿದವಳು ನನ್ನ ಬೆರಳಿಗೂ ಒಂದು ಕಟ್ಟು ಹಾಕಿಕೊಂಡು ಕೂತಿದ್ದೆ. ಈಗ ಪೆನ್ನು ಹಿಡಿಯುವಷ್ಟು ವಾಸಿಯಾಗಿದೆ.

ನೀನು ಕಳಿಸಿದ ಫೋಟೋದ ದೊಡ್ಡ ಪ್ರತಿ ಬಂತು. ಸುರುಳಿ ಬಿಚ್ಚಿ ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೂ ಭಾರ ಇಟ್ಟು ನೋಡಿದೆ. ನನ್ನ ಕೈಯಿಂದ ಎಷ್ಟೋ ಫೋಟೋಗಳು ಹಾದುಹೋಗಿವೆ, ಹೀಗೆ ಕೈಕೆಲಸ ಮರೆಸಿ ನಿಲ್ಲಿಸಿದ್ದು ಕಡಿಮೆ. ಕೆರೆಯ ನೀರು ಸೀಳಿಕೊಂಡು ಒಂದು ಮೀನುಗಿಡುಗ ಮೇಲೇಳುತ್ತಿದೆ, ಅದರ ಕಾಲಲ್ಲಿ ಮೀನು ಹೊರಳುತ್ತಿದೆ. ಅದನ್ನು ಕಸಿಯಲು ಮೇಲಿನಿಂದ ಇನ್ನೊಂದು ಗಿಡುಗ ಉಗುರು ಚಾಚಿ ಎರಗುತ್ತಿದೆ. ಅದರ ರೆಕ್ಕೆ ಅರ್ಧ ಆಕಾಶವನ್ನೇ ತುಂಬಿದೆ. ಕೆಳಗೆ ನೀನು ಇಟ್ಟ ಹೆಸರು, 'ಒಂದು ಮೀನು, ಎರಡು ಹಸಿವು'. ಅದರ ಕೆಳಗೆ ಸ್ಪರ್ಧೆಯವರು ಅಚ್ಚು ಹಾಕಿಸಿದ ಸಾಲು: ಮೊದಲ ಬಹುಮಾನ, ಒಂದೇ ಕ್ಲಿಕ್ಕಿಗೆ ಸಿಕ್ಕ ಕ್ಷಣ. ಆಮೇಲೆ ತಾರೀಕು.

ಇದ್ದುದರಲ್ಲಿ ಒಳ್ಳೆಯ ಮರ ಆರಿಸಿ ಕಟ್ಟು ಹಾಕಿ ಅಂಗಡಿಯ ಕಿಟಕಿಯಲ್ಲಿ ನಿಲ್ಲಿಸಿದ್ದೇನೆ. ಹಾಲಿನವಳು ಸೈಕಲ್ಲಿನಿಂದ ಒಂದು ಕಾಲು ಕೆಳಗಿಟ್ಟು ನೋಡಿ ಹೋಗುತ್ತಾಳೆ. ಪಕ್ಕದ ಸ್ಟುಡಿಯೋ ಅಣ್ಣ ದಿನಕ್ಕೊಮ್ಮೆ ಬಂದು 'ನಮ್ಮ ಹುಡುಗಿ' ಎನ್ನುತ್ತಾನೆ. ನೀನು ಚಿಕ್ಕವಳಿದ್ದಾಗ ಕ್ಯಾಮೆರಾದ ಮುಚ್ಚಳ ಕಳೆದಳೆಂದು ಬೀದಿಯುದ್ದಕ್ಕೂ ಅಟ್ಟಿಸಿಕೊಂಡು ಬಂದವನು ಇವನೇ ಎಂದು ನೆನಪಿಸಿದರೆ, ಯಾರೋ ಗಿರಾಕಿ ಕರೆದವರ ಹಾಗೆ ಎದ್ದುಹೋಗುತ್ತಾನೆ.

ಈಗ ಬರೆಯಬೇಕಾದದ್ದನ್ನು ಬರೆಯುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಇರುವುದು ನಿನ್ನ ದೊಡ್ಡಪ್ಪನ ಕುರ್ಚಿಯ ಪಕ್ಕದಲ್ಲಿ, ಹೇಳಬೇಕಾದ ಮಾತು ಅವರದ್ದೇ.

ಫೋಟೋ ಬಂದ ದಿನ ಅವರು ಅದರ ಮುಂದೆ ಬಹಳ ಹೊತ್ತು ನಿಂತರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಇದು ಯಾವತ್ತಿನದು ಎಂದು ಕೇಳಿದರು. ತಾರೀಕು ತೋರಿಸಿದೆ. ನೀನು ಇಲ್ಲಿಗೆ ಬಂದಿದ್ದಾಗ ನೀವಿಬ್ಬರೂ ಬೆಳಕು ಹರಿಯುವ ಮುಂಚೆ ಫ್ಲಾಸ್ಕು ಹಿಡಿದು ಕೆರೆಗೆ ಹೊರಟಿರಲ್ಲ, ನನ್ನನ್ನು ಎಬ್ಬಿಸಬಾರದೆಂದು ಪಿಸುಗುಟ್ಟುತ್ತಾ ಅಡುಗೆಮನೆಯ ಪಾತ್ರೆಯನ್ನೆಲ್ಲ ಕೆಡವಿದಿರಲ್ಲ, ಅದೇ ದಿನ. 'ಓಹೋ' ಎಂದರು.

ಅವರ ಅಭ್ಯಾಸ ನಿನಗೆ ಗೊತ್ತು. ರೈಲು ಓಡಿಸುತ್ತಿದ್ದ ಕಾಲದಲ್ಲಿ ಎಂಜಿನ್ನಿನೊಳಗಿನ ಇಬ್ಬರೂ ಸಿಗ್ನಲ್ ನೋಡಿ ಬಾಯಿಬಿಟ್ಟು ಹೇಳಬೇಕಿತ್ತು. ಇವರು 'ಹಸಿರು' ಎಂದರೆ, ಜೊತೆಯವನು ತನ್ನ ಕಣ್ಣಿಂದಲೇ ನೋಡಿ 'ಹಸಿರು' ಎನ್ನಬೇಕು. ಒಬ್ಬನೇ ಕಂಡದ್ದು ಲೆಕ್ಕಕ್ಕಿಲ್ಲ. ಕೆಲಸ ಬಿಟ್ಟ ಮೇಲೂ ಅದು ಬಿಡಲಿಲ್ಲ. ಮಲಗುವ ಮುಂಚೆ ಬಾಗಿಲು ಹಾಕಿ 'ಚಿಲಕ' ಎನ್ನುತ್ತಾರೆ. ನಾನೂ ಇಣುಕಿ ನೋಡಿ 'ಚಿಲಕ' ಎನ್ನದಿದ್ದರೆ ಮತ್ತೆ ಹೋಗಿ ತಡವಿ ಬರುತ್ತಾರೆ. ಕೆರೆಯ ದಡದಲ್ಲಿ ಬಟ್ಟೆಯ ಮರೆ ಕಟ್ಟಿಕೊಂಡು ಕೂತಾಗಲೂ ಹಾಗೇ ಅಲ್ಲವೇ. ಆ ಬೆಳಗ್ಗೆ ತಾವು “ಗಿಡುಗ, ಎಡಗಡೆ, ಒಂದು” ಎಂದದ್ದೂ, ಕ್ಯಾಮೆರಾದಿಂದ ಕಣ್ಣು ತೆಗೆಯದೆ ನೀನು “ಒಂದು” ಎಂದದ್ದೂ ಅವರಿಗೆ ಚೆನ್ನಾಗಿ ನೆನಪಿದೆ. ಫೋಟೋದಲ್ಲಿ ಎರಡಿವೆ.

ಹೋದ ಭಾನುವಾರ ಹಕ್ಕಿ ನೋಡುವ ಬಳಗ ಸೇರಿದಾಗ ಮೇಷ್ಟ್ರು, ಅದೇ, ಕೊಕ್ಕರೆಯ ಹಾಗೆ ಕತ್ತು ಮುಂದಿಟ್ಟು ನಡೆಯುತ್ತಾರಲ್ಲ ಅವರು, ಎಲ್ಲರೆದುರು ಕೇಳಿದರಂತೆ: ನೀವು ಪಕ್ಕದಲ್ಲೇ ಇದ್ದಿರಲ್ಲ, ಎರಡನೆಯದು ಹೇಗೆ ಎರಗಿತು ಹೇಳಿ ಅಂತ. ಇವರು ತಾವು ನೋಡಲಿಲ್ಲ ಎಂದಿದ್ದಾರೆ. ಬಾಗಿಲಿನಷ್ಟು ಅಗಲ ರೆಕ್ಕೆ ಬಿಚ್ಚಿದ ಹಕ್ಕಿ ಮುಂದೆ ಬಂದರೂ ಕಾಣಲಿಲ್ಲವೆಂದರೆ ಆಗ ನೀವು ಫ್ಲಾಸ್ಕಿನ ಮುಚ್ಚಳದ ಜೊತೆ ಗುದ್ದಾಡುತ್ತಿದ್ದಿರಿ ಎಂದು ಇನ್ನೊಬ್ಬರು ತಮಾಷೆ ಮಾಡಿದ್ದಾರೆ. ಎಲ್ಲರೂ ನಕ್ಕಿದ್ದಾರೆ, ಇವರೂ ನಕ್ಕಿದ್ದಾರೆ. ಅವರು ಯಾರೂ ಕೆಟ್ಟ ಮನಸ್ಸಿನವರಲ್ಲ. ಆದರೆ ಇವರು ಮನೆಗೆ ಬಂದು ಬೂಟು ಬಿಚ್ಚದೆ ಕುರ್ಚಿಯಲ್ಲಿ ಕೂತರು. ನಾನು ಎರಡು ಸಲ ಕರೆದ ಮೇಲೆ ತಿರುಗಿದರು.

ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದು ತಾವೇ ಹೊರಟರು. ಡಾಕ್ಟರಮ್ಮ ಹನಿ ಹಾಕಿ, ದೀಪ ಬಿಟ್ಟು, ಅಕ್ಷರ ಓದಿಸಿ, ಈ ವಯಸ್ಸಿಗೆ ಇಂಥ ಕಣ್ಣು ನನಗೂ ಉಳಿದರೆ ಸಾಕು ಎಂದು ಬೆನ್ನು ತಟ್ಟಿ ಕಳಿಸಿದರು. ನನಗೆ ಹಾಲು ಕುಡಿದಷ್ಟು ಸಂತೋಷ. ಇವರ ಮುಖ ಮಾತ್ರ ಇನ್ನಷ್ಟು ಇಳಿಯಿತು.

ಅದಕ್ಕೇ ನಿನಗೆ ಬರೆಯುತ್ತಿರುವುದು. ಆ ಎರಡನೆಯ ಗಿಡುಗ ರೆಪ್ಪೆ ಬಡಿಯುವಷ್ಟರಲ್ಲಿ ಬಂದು ಹೋಗಿರಬೇಕು, ಇಲ್ಲದಿದ್ದರೆ ಇವರ ಕಣ್ಣಿಗೆ ತಪ್ಪುತ್ತಿರಲಿಲ್ಲ. ಹಾಗಿದ್ದರೆ ಅದನ್ನೇ ಅವರಿಗೆ ನಾಲ್ಕು ಸಾಲು ಬರೆ. ನಾನು ಹೇಳಿದರೆ ಸಮಾಧಾನದ ಮಾತು ಎಂದುಕೊಳ್ಳುತ್ತಾರೆ. ನೀನು ಹೇಳಿದರೆ ನಂಬುತ್ತಾರೆ.

ಎಲ್ಲರಿಗೂ ನನ್ನ ನೆನಪು ಹೇಳು. ಮುಂದಿನ ತಿಂಗಳು ಬಹುಮಾನದ ಸಮಾರಂಭಕ್ಕೆ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗು, ಆ ಹತ್ತು ಜೇಬಿನ ಅಂಗಿ ಬೇಡ.

ನಿನ್ನ
ದೊಡ್ಡಮ್ಮ

ಮರೆತ ಮಾತು: ಕಣ್ಣು ಚೆನ್ನಾಗಿದ್ದರೆ ಮುಖ ಯಾಕೆ ಇಳಿಯಿತು ಎಂದು ಬರುವಾಗ ಬಸ್ಸಿನಲ್ಲಿ ಕೇಳಿದೆ. “ಕಣ್ಣು ಸರಿ ಇದೆ ಅಂದ್ರೆ, ಕೆಟ್ಟಿರೋದು ಕಣ್ಣಿನ ಹಿಂದೆ ಇರೋದು” ಎಂದರು. ಅವರ ಅಣ್ಣ ಕೊನೆಕೊನೆಗೆ ಕಟ್ಟಿಕೊಂಡ ಹೆಂಡತಿಯನ್ನೇ 'ನೀವು ಯಾರಮ್ಮ' ಎಂದು ಕೇಳುತ್ತಿದ್ದದ್ದು ನಿನಗೂ ನೆನಪಿರಬೇಕು.


ಬುಧವಾರ, ಫೆಬ್ರವರಿ ೨೬

ನನ್ನ ಜೀರಿಗೆಗೆ ಆಶೀರ್ವಾದ.

ಎಲ್ಲರೂ ಸೌಖ್ಯವೆಂದು ತಿಳಿದು ಸಂತೋಷ. ಡುಮ್ಮಣ್ಣನಿಗೆ ಕೆಲಸಕ್ಕಿಂತ ಅಲ್ಲಿನ ಕ್ಯಾಂಟೀನು ಹೆಚ್ಚು ಹಿಡಿಸಿದೆ ಎಂದು ಬರೆದದ್ದನ್ನು ಓದಿ ನಕ್ಕೆ. ನಿನ್ನ ಉತ್ತರ ಕೈಸೇರಿ ಬಹಳ ದಿನವಾಯಿತು. ಬರೆಯೋಣವೆಂದು ಕೂತು ಕೂತು ಎದ್ದೆ. ಕ್ಷಮಿಸು.

ನನ್ನಿಂದ ಮುಚ್ಚಿಡದೆ ಬರೆದೆಯಲ್ಲ, ಅದಕ್ಕೆ ನಿನ್ನನ್ನು ಮೆಚ್ಚುತ್ತೇನೆ. ಮೀನು ಹಿಡಿದ ಗಿಡುಗ ಆ ಬೆಳಗಿನದು. ಎರಗುವ ಗಿಡುಗ ಅದಕ್ಕೂ ಹಿಂದಿನದು, ನಿನ್ನ ದೊಡ್ಡಪ್ಪ ಹಲ್ಲು ಕೀಳಿಸಿಕೊಂಡು ದವಡೆ ಊದಿ ಮಲಗಿದ್ದಾಗ ನೀನೊಬ್ಬಳೇ ಹೋದ ದಿನದ್ದು. ಅಂದು ಅದು ಎರಗಿದ್ದು ಬರೀ ನೀರಿಗೆ, ಏನೂ ಸಿಗದೆ ಹಾರಿಹೋಯಿತು. ಎರಡನ್ನೂ ಕಂಪ್ಯೂಟರಿನಲ್ಲಿ ಜೋಡಿಸಿದೆ. ನನಗೆ ತಿಳಿಯಲಿ ಎಂದು ಆ ಎರಡು ಫೋಟೋಗಳನ್ನೂ ಬೇರೆಬೇರೆಯಾಗಿ ಕಳಿಸಿದ್ದೀಯ. ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿದೆ. ಎರಡೂ ಒಂದೇ ಹಕ್ಕಿ ಇದ್ದರೂ ಇರಬಹುದು ಎಂದು ಬರೆದಿದ್ದೀಯ. ಹಾಗಾದರೆ ಪಾಪ, ತನ್ನ ಮೀನನ್ನು ತಾನೇ ಕಸಿಯಲು ಬರುತ್ತಿದೆ.

ನೀನು ಹೇಳಿದ್ದನ್ನೆಲ್ಲ ಸಮಾಧಾನದಿಂದ ಓದಿದೆ. ಎರಡೂ ನಿಜವಾದ ಹಕ್ಕಿ, ಅದೇ ಕೆರೆ, ಅದೇ ಬೆಳಕು. ಕೂಡಿಹಾಕಿ ಸಾಕಿದ ಹಕ್ಕಿಯೂ ಅಲ್ಲ, ಇನ್ನೊಬ್ಬರ ಫೋಟೋದಿಂದ ಕದ್ದದ್ದೂ ಅಲ್ಲ. ಎಷ್ಟು ದಿನ ಚಳಿಯಲ್ಲಿ ಕೈ ಸೆಟೆದು ಕೂತು ಬರಿಗೈಯಲ್ಲಿ ಬಂದಿದ್ದೀಯ ಎನ್ನುವುದನ್ನೂ ನಾನು ಬಲ್ಲೆ. ಇಂಥದ್ದು ಆ ಕೆರೆಯಲ್ಲಿ ನಡೆದೇ ನಡೆಯುತ್ತದೆ ದೊಡ್ಡಮ್ಮ, ನನ್ನ ಕ್ಯಾಮೆರಾದ ಮುಂದೆ ನಡೆಯಲಿಲ್ಲ ಅಷ್ಟೇ, ಎಂದಿದ್ದೀಯ. ಜಿಗಿತದ ಆಟಗಾರನನ್ನು ಒಂದೇ ಫೋಟೋದಲ್ಲಿ ಆರು ಕಡೆ ತೋರಿಸುತ್ತಾರೆ, ಅದನ್ನು ಯಾರಾದರೂ ಸುಳ್ಳು ಎನ್ನುತ್ತಾರೆಯೇ ಎಂದು ಕೇಳಿದ್ದೀಯ.

ಅನ್ನುವುದಿಲ್ಲ. ಯಾಕೆಂದರೆ ಆರು ಜನ ಜಿಗಿದರು ಎಂದು ನೋಡಿದವರು ಯಾರೂ ತಿಳಿಯುವುದಿಲ್ಲ. ಇವನು ಹೀಗೆ ಏರಿ ಹೀಗೆ ಇಳಿದ ಎಂದು ತಿಳಿಯುತ್ತಾರೆ.

ಜೋಡಿಸುವುದು ನನಗೆ ಹೊಸದಲ್ಲ ಮಗಳೇ. ಸ್ಟುಡಿಯೋ ಅಣ್ಣ ಕತ್ತರಿ, ಅಂಟು, ಸಣ್ಣ ಕುಂಚ ಇಟ್ಟುಕೊಂಡು ಮಾಡುತ್ತಿದ್ದುದಕ್ಕೆಲ್ಲ ಕಟ್ಟು ಹಾಕಿದವಳು ನಾನೇ. ಹಡಗಿನ ಕೆಲಸಕ್ಕೆ ಹೋದ ಮಗನನ್ನು ತಂದು ಮನೆಯವರ ಹಿಂದಿನ ಸಾಲಿನಲ್ಲಿ ನಿಲ್ಲಿಸುತ್ತಿದ್ದ. ಒಮ್ಮೆ ತೀರಿಕೊಂಡ ಅಜ್ಜಿಯ ಮಡಿಲಲ್ಲಿ ಅವಳು ನೋಡದೆ ಹೋದ ಮೊಮ್ಮಗುವನ್ನು ಕೂರಿಸಿದ. ಆ ಮನೆಯವರು ಅದನ್ನು ಎದೆಗವಚಿಕೊಂಡು ಅತ್ತರು, ಮೋಸ ಹೋಗಲಿಲ್ಲ. ಅಜ್ಜಿ ಯಾವಾಗ ಹೋದಳು, ಮಗು ಯಾವಾಗ ಬಂತು ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿ ಮಾಡಿಸಿಕೊಂಡರು.

ನೀನು ಜೋಡಿಸಿದ್ದಕ್ಕೆ ನನ್ನ ತಕರಾರಿಲ್ಲ. ಒಂದೇ ಕ್ಲಿಕ್ಕೇ ಎಂದು ಸ್ಪರ್ಧೆಯವರು ಕೇಳಿದಾಗ ಹೌದು ಎಂದೆಯಲ್ಲ, ಅದಕ್ಕೆ. ನಾನು ಶಾಲೆ ಕಂಡವಳಲ್ಲ, ನಿನಗೆ ಗೊತ್ತು. ಫೋಟೋಗಳ ಕೆಳಗಿನ ಹೆಸರುಗಳನ್ನು ಇವರ ಹತ್ತಿರ ಓದಿಸಿಕೊಂಡು, ಯಾವ ಮುಖಕ್ಕೆ ಯಾವ ಅಕ್ಷರ ಎಂದು ಕೂಡಿಸಿಕೊಂಡು ಓದಲು ಕಲಿತವಳು. ಫೋಟೋದ ಕೆಳಗೆ ಬರೆದದ್ದು ನಿಜ ಎಂದು ನಂಬಿಯೇ ಅಕ್ಷರ ಹತ್ತಿದ್ದು.

ಇದರಿಂದ ಯಾರಿಗೂ ನಷ್ಟವಿಲ್ಲ ಎಂದು ಬರೆದಿದ್ದೀಯ. ಆ ಬೆಳಗ್ಗೆ ಮರೆಯೊಳಗೆ ಇಬ್ಬರಿದ್ದಿರಿ. ಬೇರೆ ದಿನದ ಹಕ್ಕಿಯನ್ನು ತಂದು ಅಲ್ಲಿ ಇಟ್ಟಾಗ, ಆ ಬೆಳಗನ್ನು ಪೂರ್ತಿ ನೋಡುತ್ತಾ ಕೂತಿದ್ದ ಮನುಷ್ಯನನ್ನು ಎಲ್ಲಿಗೆ ಸರಿಸಿದೆ?

ಇಲ್ಲಿ ಏನಾಗುತ್ತಿದೆ ಎಂದು ಹೇಳುತ್ತೇನೆ. ಬಳಗವನ್ನು ಕರೆದುಕೊಂಡು ಹೋಗುವ ಕೆಲಸ ಇನ್ನು ಬೇರೆಯವರು ನೋಡಿಕೊಳ್ಳಲಿ ಎಂದು ದೊಡ್ಡಪ್ಪ ಹೇಳಿಬಿಟ್ಟಿದ್ದಾರೆ. ಬಳಗದವರು ಬಂದು ಕರೆದರೆ ಮಂಡಿ ನೋವು ಎನ್ನುತ್ತಾರೆ. ಅವರ ಮಂಡಿ ನನ್ನದಕ್ಕಿಂತ ಗಟ್ಟಿಯಾಗಿದೆ. ಮೊನ್ನೆ ತರಕಾರಿಗೆಂದು ಹೊರಟವರು ದೊಡ್ಡ ರಸ್ತೆ ದಾಟುವಲ್ಲಿ ನಿಂತೇ ಇದ್ದರು. ಅಂಗಡಿಯ ಬಾಗಿಲಿನಿಂದ ನನಗೆ ಕಾಣುತ್ತಿತ್ತು. ದೀಪ ಹಸಿರಾಯಿತು, ಕೆಂಪಾಯಿತು, ಮತ್ತೆ ಹಸಿರಾಯಿತು. ಪಕ್ಕದಲ್ಲಿದ್ದ ಹೆಂಗಸನ್ನು ಏನೋ ಕೇಳಿದರು. ಅವಳು ಅಚ್ಚರಿಯಿಂದ ನೋಡಿ ತಲೆಯಾಡಿಸಿದ ಮೇಲೆ ಹೆಜ್ಜೆ ಇಟ್ಟರು. ಏನು ಕೇಳಿದಿರಿ ಎಂದರೆ, “ಹಸಿರೇ ಅಲ್ವಾ ಅಂತ ಕೇಳ್ದೆ” ಎಂದರು. ಮಂಜಿನಲ್ಲಿ, ಮಳೆಯಲ್ಲಿ, ಬೆನ್ನ ಹಿಂದೆ ಅಷ್ಟು ಜನರನ್ನು ಮಲಗಿಸಿಕೊಂಡು ಸಿಗ್ನಲ್ ನೋಡಿ ಬಂದ ಮನುಷ್ಯ.

ಸಮಾರಂಭ ಮುಗಿಯಲಿ, ಪುಸ್ತಕ ಹಾಕುತ್ತೇವೆಂದವರ ಮಾತು ಗಟ್ಟಿಯಾಗಲಿ, ಅಲ್ಲಿಯವರೆಗೆ ದೊಡ್ಡಪ್ಪನಿಗೆ ಹೇಳಬೇಡ ಎಂದು ಕೇಳಿಕೊಂಡಿದ್ದೀಯ. ನಾನಾಗಿ ಹೇಳುವುದಿಲ್ಲ, ಸರಿ. ಅದು ನಿನ್ನ ಮಾತು, ನೀನೇ ಹೇಳಬೇಕು. ಆದರೆ ಅಷ್ಟು ದಿನ ತಳ್ಳಬೇಡ. ಫೋಟೋವನ್ನು ಕಿಟಕಿಯಿಂದ ತೆಗೆದಿಟ್ಟಿದ್ದೇನೆ. ಹಾಲಿನವಳು ಕೇಳಿದಳು, ಗಾಜು ಬಿರುಕು ಬಿಟ್ಟಿತು ಎಂದೆ. ಅವಳು ನಂಬಿದಳು. ನನಗೆ ಅಂಗಡಿಯಲ್ಲಿ ನಿಲ್ಲಲು ಹಿತವಾಗಲಿಲ್ಲ.

ನಿನ್ನ ಅಮ್ಮನಿಗೆ ಇದನ್ನೆಲ್ಲ ಹೇಳಿಲ್ಲ. ಮೊಣಕಾಲಿನ ಜೊತೆ ಇದೂ ಬೇಡ.

ನಿನಗೆ ಒಳ್ಳೆಯದಾಗಲಿ, ಧೈರ್ಯ ಬರಲಿ.

ನಿನ್ನ
ದೊಡ್ಡಮ್ಮ

ಮತ್ತೊಂದು: ತಮ್ಮ ದುರ್ಬೀನನ್ನು ಮೇಷ್ಟ್ರಿಗೆ ಕೊಟ್ಟು ಬಂದಿದ್ದಾರೆ. ಅದು ಮುಂದೆ ಜೀರಿಗೆಗೆ ಎಂದು ಹೇಳುತ್ತಿದ್ದಿರಲ್ಲ ಎಂದೆ. “ಅವಳಿಗ್ಯಾಕೆ? ಅವಳ ಕಣ್ಣು ನನಗಿಂತ ಚೆನ್ನಾಗಿದೆ” ಎಂದರು.


ಶುಕ್ರವಾರ, ಮಾರ್ಚ್ ೧೪

ಜೀರಿಗೆಗೆ ದೊಡ್ಡಮ್ಮನ ಆಶೀರ್ವಾದ.

ಈ ಸಲ ಕ್ಷೇಮ ಸಮಾಚಾರಕ್ಕೆ ಕೈ ಓಡುತ್ತಿಲ್ಲ. ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡೇ ಶುರುಮಾಡುತ್ತೇನೆ.

ನೀನು ಅವರಿಗೆ ಬರೆಯುತ್ತೀಯೆಂದು ಕಾದೆ. ಬಂದದ್ದು ಫೋನು. ನಾನು ಆಗ ಒಳಗೆ ಬಟ್ಟೆ ಮಡಿಸುತ್ತಿದ್ದೆ. ಅವರ 'ಹೌದಾ ಮಗಳೇ, ಹೌದಾ' ಮಾತ್ರ ಕೇಳುತ್ತಿತ್ತು. ಅಬ್ಬ, ಹೇಳಿದಳು ಎಂದು ಬಟ್ಟೆ ಹಿಡಿದೇ ಹೊರಗೆ ಬಂದೆ. ಅವರು ಫೋನು ಇಟ್ಟು ನನ್ನ ಕಡೆ ತಿರುಗಿ, “ನಾನು ರೆಪ್ಪೆ ಬಡಿದಿರಬೇಕಂತೆ” ಎಂದರು.

ಅದು ನನ್ನ ಮೊದಲ ಪತ್ರದ ಮಾತು. ಏನೂ ತಿಳಿಯದೆ ನಾನು ಬರೆದದ್ದನ್ನು ಎಲ್ಲ ತಿಳಿದ ನೀನು ಎತ್ತಿ ಅವರ ಕೈಗೆ ಕೊಟ್ಟೆ. ಅಷ್ಟಕ್ಕೇ ನಿಂತಿದ್ದರೂ ನುಂಗಿಕೊಳ್ಳುತ್ತಿದ್ದೆನೇನೋ. ಅವರು ಇನ್ನೂ ಒಂದು ಕೇಳಿದರಂತೆ, ನಾನು ಒಂದು ಎಂದಾಗ ನೀನೂ ಒಂದು ಎಂದೆಯಲ್ಲ ಮಗಳೇ, ಅಂತ. ನಾನು ಏನೂ ಅಂದ ಹಾಗಿಲ್ಲ ದೊಡ್ಡಪ್ಪ ಎಂದೆಯಂತೆ. ನಗುತ್ತಾ ಹೇಳಿದೆಯಂತೆ. ನಿನ್ನ ನಗು ನನಗೆ ಗೊತ್ತು, ಹೆದರಿದಾಗ ಬರುವ ನಗು. ಅವರು ಅದನ್ನು ತಮ್ಮನ್ನು ನೋಯಿಸಬಾರದೆಂದು ನಕ್ಕದ್ದು ಎಂದುಕೊಂಡಿದ್ದಾರೆ.

ಮಾರನೆಯ ದಿನದಿಂದ ನನಗೆ ಪಾಠ ಶುರುವಾಯಿತು. ನೀರಿನ ಪಂಪಿಗೆ ಗಾಳಿ ಹಿಡಿದರೆ ಯಾವ ತಿರುಪನ್ನು ಸಡಿಲಿಸಬೇಕು, ಎಷ್ಟು ನೀರು ಸುರಿಯಬೇಕು. ಫ್ಯೂಸು ಹೋದರೆ ತಂತಿ ಎಲ್ಲಿದೆ. ಗಾಜಿನ ಹಾಳೆ ತರುವವನು ಮೂಲೆ ಒಡೆದದ್ದನ್ನು ಅಡಿಯಲ್ಲಿಟ್ಟು ಕಟ್ಟುತ್ತಾನೆ, ಬಿಚ್ಚಿಸಿ ನೋಡು. ಮೊದಲು ತಮಾಷೆ ಮಾಡಿದೆ, ನನ್ನನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತೀರಾ ಎಂದೆ. ಅವರು ನಗಲಿಲ್ಲ. ಮೈಮೇಲೆ ಬನಿಯನ್ನು, ಕೈಯಲ್ಲಿ ಸ್ಪ್ಯಾನರು, ಪಂಪಿನ ಮುಂದೆ ಕುಕ್ಕರುಗಾಲಲ್ಲಿ ಕೂತು, “ತಲೆ ಸರಿ ಇರೋವಾಗ ಹೇಳಿಬಿಡ್ತೀನಿ, ಆಮೇಲೆ ನನ್ನ ಕೇಳಿದ್ರೂ ಪ್ರಯೋಜನ ಇಲ್ಲ” ಎಂದರು.

ನನ್ನ ಸೆರಗಿನ ತುದಿ ಪಂಪಿನ ಕೆಳಗಿನ ಕೆಸರಿನಲ್ಲಿ ಬಿದ್ದಿತ್ತು. ಎತ್ತಿಕೊಳ್ಳಲೂ ತೋಚಲಿಲ್ಲ.

ಅದಕ್ಕೇ ಹೇಳಿಬಿಟ್ಟೆ ಮಗಳೇ. ನಾನಾಗಿ ಹೇಳುವುದಿಲ್ಲ ಎಂದು ನಿನಗೆ ಕೊಟ್ಟ ಮಾತು ಮುರಿದೆ. ನಿನ್ನೆ ಮಧ್ಯಾಹ್ನ ಅಂಗಡಿಯಲ್ಲಿ ಅವರು ಚೌಕಟ್ಟಿನ ಪಟ್ಟಿಗೆ ಮರಳುಕಾಗದ ಉಜ್ಜಿಕೊಡುತ್ತಿದ್ದರು. ಗಿರಾಕಿ ಇರಲಿಲ್ಲ. ಬಾಗಿಲು ಅರ್ಧ ಎಳೆದು, ಎದುರಿಗೆ ಸ್ಟೂಲು ಹಾಕಿಕೊಂಡು ಕೂತು ಹೇಳಿದೆ. ಅಂದು ಗಿಡುಗ ಒಂದೇ ಇತ್ತು. ನೀವು ಕಂಡದ್ದು ಸರಿ. ಅವಳೂ ಒಂದು ಎಂದದ್ದು ನಿಜ. ಇನ್ನೊಂದು ನಿಮ್ಮ ಹಲ್ಲುನೋವಿನ ದಿನದ್ದು, ಅವಳು ಆಮೇಲೆ ತಂದು ಸೇರಿಸಿದ್ದು. ನಿಮ್ಮ ಕಣ್ಣಿಗೂ ಏನಾಗಿಲ್ಲ, ತಲೆಗೂ ಏನಾಗಿಲ್ಲ. ಅವರು ಏನೆಂದರು ಎನ್ನುವುದನ್ನು ಬರೆಯಲು ಈಗ ಕೈ ಬರುತ್ತಿಲ್ಲ.

ನಿನಗೆ ಕೋಪ ಬಂದರೆ ನನ್ನ ಮೇಲೆ ಬರಲಿ. ಆದರೆ ನಾನು ಹೇಳುವ ಎರಡು ಕೆಲಸ ಮಾಡು. ಸ್ಪರ್ಧೆಯವರಿಗೆ ಬರೆದು ಇದು ಎರಡು ಬೆಳಗನ್ನು ಸೇರಿಸಿದ್ದು ಎಂದು ತಿಳಿಸು. ಬಹುಮಾನ ವಾಪಸು ತೆಗೆದುಕೊಂಡಾರು, ನಾಲ್ಕು ಜನ ನಾಲ್ಕು ಮಾತು ಆಡಿಯಾರು, ಪುಸ್ತಕದವರು ಹಿಂದೆ ಸರಿದಾರು. ನೀನು ಎಷ್ಟು ವರ್ಷ ಇದಕ್ಕಾಗಿ ಒದ್ದಾಡಿದ್ದೀಯ ಎಂದು ತಿಳಿದೇ ಹೇಳುತ್ತಿದ್ದೇನೆ, ಸುಲಭವೆಂದು ಹೇಳುತ್ತಿಲ್ಲ. ಆ ಫೋಟೋ ಆಗಲೂ ಚೆನ್ನಾಗಿಯೇ ಇರುತ್ತದೆ. ಕೆಳಗಿನ ಸಾಲನ್ನು ಬದಲಿಸಿ ಬರೆ, ನಾನೇ ಮತ್ತೆ ಕಿಟಕಿಯಲ್ಲಿ ನಿಲ್ಲಿಸುತ್ತೇನೆ. ಹೀಗೆ ಜೋಡಿಸಲು ಎಷ್ಟು ಕಣ್ಣು ಬೇಕು ನೋಡಿ ಎಂದು ಬಂದವರಿಗೆಲ್ಲ ಹೇಳುತ್ತೇನೆ. ಈಗ ನಿನಗೆ ಬರುತ್ತಿರುವ ಹೊಗಳಿಕೆ ನೀನು ಮಾಡಿದ ಕೆಲಸಕ್ಕೆ ಬರುತ್ತಿಲ್ಲ, ಮಾಡದ ಕೆಲಸಕ್ಕೆ ಬರುತ್ತಿದೆ. ಅದನ್ನು ಹೊತ್ತುಕೊಂಡು ಆ ವೇದಿಕೆಯ ಮೇಲೆ ಹೇಗೆ ನಿಲ್ಲುತ್ತೀ?

ಎರಡನೆಯದು ದೊಡ್ಡಪ್ಪನಿಗೆ ನೀನು ಹೇಳುವುದು. ಫೋನಿನಲ್ಲಿ ಬೇಡ. ಫೋನಿನಲ್ಲಿ ನಿನಗೆ ನಗು ಬರುತ್ತದೆ.

ನೀನು ಇಲ್ಲಿ ನಮ್ಮ ಮನೆಯಲ್ಲಿ ಆಡಿ ಬೆಳೆದವಳು. ಅವರ ಬೂಟಿನೊಳಗೆ ಕಾಲಿಟ್ಟು ಅಂಗಳ ಸುತ್ತಿದವಳು. ನಿನಗೆ ಕೆಟ್ಟದಾಗಲಿ ಎಂದು ಈ ಮನೆಯಲ್ಲಿ ಯಾರೂ ಬಯಸುವುದಿಲ್ಲ. ದೇವರು ನಿನಗೆ ಒಳ್ಳೆಯ ಬುದ್ಧಿ, ಒಳ್ಳೆಯ ನಿದ್ದೆ ಎರಡನ್ನೂ ಕೊಡಲಿ. ನಿನ್ನ ಅಮ್ಮ ಅಪ್ಪನಿಗೆ, ಡುಮ್ಮಣ್ಣನಿಗೆ ನನ್ನ ಪ್ರೀತಿ.

ನಿನ್ನ
ದೊಡ್ಡಮ್ಮ

ಪತ್ರ ಮಡಿಸಿ ಲಕೋಟೆಗೆ ಹಾಕಿದ ಮೇಲೆ ಮತ್ತೆ ತೆಗೆದೆ. ಅವರು ಅಂದದ್ದನ್ನು ಬರೆಯದೆ ಕಳಿಸಿದರೆ ನಾನೂ ಒಂದು ತುಂಡು ಕತ್ತರಿಸಿ ಬಿಸಾಕಿದ ಹಾಗಾಗುತ್ತದೆ.

ನಾನು ಹೇಳಿ ಮುಗಿಸುವವರೆಗೂ ಅವರು ಪಟ್ಟಿ ಉಜ್ಜುತ್ತಲೇ ಇದ್ದರು. ಆಮೇಲೆ ಅದನ್ನು ಕೆಳಗಿಟ್ಟು, ಜೋರು ಮಾಡದೆ ಹೇಳಿದರು: “ನನ್ನ ತಲೆ ಕೆಟ್ಟಿದೆ ಅಂತ ಹೇಳು, ಒಪ್ಕೋತೀನಿ. ನನ್ನ ಸಮಾಧಾನಕ್ಕೆ ಅಂತ ಆ ಮಗು ಮೇಲೆ ಸುಳ್ಳು ಹೊರಿಸಬೇಡ. ನಾಳೆ ನಾನು ಎಲ್ಲಾ ಮರೆತು ಕೂತಾಗ, ಅವಳು ಮೋಸ ಮಾಡಿದಳು ಅನ್ನೋದೊಂದೇ ತಲೇಲಿ ಉಳ್ಕೊಂಡ್ರೆ ಏನು ಗತಿ?”

ನೀನು ಕಳಿಸಿದ ಆ ಎರಡು ಬೇರೆಬೇರೆ ಫೋಟೋಗಳು ಮೇಜಿನ ಡ್ರಾಯರಿನಲ್ಲಿದ್ದವು, ಕೈ ಚಾಚಿದರೆ ಸಿಗುವ ಹಾಗೆ. ನಾನು ತೆಗೆಯಲಿಲ್ಲ. ತೋರಿಸಿದ್ದರೆ ನನ್ನ ಮಾತು ಗೆಲ್ಲುತ್ತಿತ್ತು, ನೀನು ಸಿಕ್ಕಿಬಿದ್ದವಳಾಗುತ್ತಿದ್ದೆ. ನೀನಾಗಿ ಬಂದು ಹೇಳಿದವಳು ಎಂದು ಅವರ ಮನಸ್ಸಿನಲ್ಲಿ ಉಳಿಯಬೇಕು ಎಂಬ ಆಸೆ ನನಗೆ ಇನ್ನೂ ಇದೆ. ಅಲ್ಲಿಯವರೆಗೆ ಈ ಮನೆಯಲ್ಲಿ ಸುಳ್ಳುಗಾರ್ತಿ ನಾನು. ಮದುವೆಯಾಗಿ ಇಷ್ಟು ಕಾಲಕ್ಕೆ ಮೊದಲ ಸಲ ನನ್ನ ಮಾತನ್ನು ನಂಬದೆ ಎದ್ದು ಹೋದರು. ನಿನ್ನೆಯಿಂದ ನನ್ನ ಜೊತೆ ಮಾತಾಡುತ್ತಿದ್ದಾರೆ, ಅಂಗಡಿಗೆ ಬಂದ ಹೊಸಬರ ಹತ್ತಿರ ಆಡುವಷ್ಟು ಮರ್ಯಾದೆಯಿಂದ.

ಇದನ್ನು ಎಷ್ಟು ದಿನ ತಡೆದುಕೊಂಡೇನು, ತಿಳಿಯದು. ಬೇಗ ಬರೆ. ನನಗೆ ಬೇಡ, ಲಕೋಟೆಯ ಮೇಲೆ ಅವರ ಹೆಸರೇ ಇರಲಿ.